ಸೀಸದ ತುಂಡುಗಳ ಜಾತಕ

(ಇಂಗ್ಲೆಂಡಿನ ಲಿಂಕನ್ ನಗರದ ಸುತ್ತಮುತ್ತಲಿನ ಕನ್ನಡಿಗರು ಚಳಿಗಾಲದ ಒಂದು ಭಾನುವಾರ ಸೇರಿದ್ದಾಗ ಆಡಿದ ಮಾತಿನ ಬರಹ ರೂಪ. ಕೆಲವು ಕಡೆ ಮೊಟಕು ಮಾಡಿದ್ದೇನೆ. ಮಾತು ಮುಗಿದ ಮೇಲೆ ನಡೆದದ್ದನ್ನೂ ಕೊನೆಯಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಬಿಸಿಬೇಳೆಬಾತ್ ಆದ ಮೇಲೆ ಉಪನ್ಯಾಸ ಇಟ್ಟಿದ್ದೀರಿ, ಕಣ್ಣು ಮುಚ್ಚಿದವರನ್ನು ನಾನು ಎಬ್ಬಿಸುವುದಿಲ್ಲ. ಅದಕ್ಕೇ ಮಾತಿಗೆ ಮೊದಲು ಕೈಗೊಂದು ಕೆಲಸ ಕೊಡುತ್ತೇನೆ. ಈ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಬಿಲ್ಲೆ ಇದೆ. ಹತ್ತು ರೂಪಾಯಿ ನಾಣ್ಯದಷ್ಟು ಅಗಲ, ಅರ್ಧ ಸೆಂಟಿಮೀಟರ್ ದಪ್ಪ, ನಡುವೆ ತೂತು, ಮೈಯೆಲ್ಲ ಸುಣ್ಣ ಬಳಿದಂಥ ಬೂದುಬಿಳಿ ಬಣ್ಣ. ಇಲ್ಲಿಂದ ಹತ್ತು ಮೈಲಿ ದೂರದ ಗೋಧಿ ಹೊಲದಲ್ಲಿ ಸಿಕ್ಕಿದ್ದು. ಒಬ್ಬರಿಂದೊಬ್ಬರಿಗೆ ದಾಟಿಸಿ, ಏನಿರಬಹುದು ಅಂತ ಯೋಚಿಸಿ. ಚೀಲ ಮಾತ್ರ ತೆರೆಯಬೇಡಿ. ಇದು ಸೀಸ, ಮುಟ್ಟಿದ ಕೈ ತೊಳೆಯದೆ ಬಾಯಿಗೆ ಹೋಗಬಾರದು.

ನಾನು ಮೆಟಲ್ ಡಿಟೆಕ್ಟರ್ ಹಿಡಿದು ಹೊಲ ಸುತ್ತುವವನು ಅಂತ ಗೊತ್ತಾದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಚಿನ್ನ ಸಿಕ್ಕಿದೆಯಾ? ಇಲ್ಲ. ಬೆಳ್ಳಿ ಸ್ವಲ್ಪ, ತಾಮ್ರದ ಕಾಸು ಬೇಕಾದಷ್ಟು, ಸೀಸ ಮಾತ್ರ ಬಕೆಟ್‌ಗಟ್ಟಲೆ. ದೊಡ್ಡ ಸೀಸದ ತುಂಡು ಸಿಕ್ಕರೆ ಯಂತ್ರ ಬೆಳ್ಳಿ ಸಿಕ್ಕಿದ ಹಾಗೇ ಇನಿದಾಗಿ ಕೂಗುತ್ತದೆ. ಎದೆ ಡವಡವ ಅನ್ನುತ್ತಾ ಅಗೆದರೆ ಬರುವುದು ಬಿಳಿ ಕವಿದ ಒಂದು ಹೆಪ್ಪು. ಮೊದಲ ಎರಡು ವರ್ಷ ನಾನು ಅವನ್ನೆಲ್ಲ ಗ್ಯಾರೇಜಿನ ಮೂಲೆಯ ಬಕೆಟ್ಟಿಗೆ ಎಸೆಯುತ್ತಿದ್ದೆ. ಬಕೆಟ್ ತುಂಬಿದ ಮೇಲೆ ಗುಜರಿಗೆ ಹಾಕಿದೆ. ಬಂದ ಹಣದಲ್ಲಿ ಒಂದು ಜೊತೆ ಗಂಬೂಟು ಬಂತು. ಆ ಬಕೆಟ್ಟಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಸೀಸದ ಕಡೆ ಕಣ್ಣು ತಿರುಗಿದ್ದು ಅಪ್ಪನಿಂದ. ತಿಪಟೂರಿನಲ್ಲಿ ನಮ್ಮದು ದಿನಸಿ ಅಂಗಡಿ. ನಾನು ರಜೆಗೆ ಹೋಗಿದ್ದಾಗ ಅಟ್ಟದ ಮೇಲೆ ಹಳೆಯ ಕಬ್ಬಿಣದ ತೂಕದ ಕಲ್ಲುಗಳು ಸಿಕ್ಕವು. ಐದು ಕೆಜಿಯದನ್ನು ಬೋರಲು ಮಾಡಿದೆ. ಅಡಿಯಲ್ಲಿ ಒಂದು ಕುಳಿ, ಅದರ ತುಂಬ ಸೀಸ, ಸೀಸದ ಮೇಲೆ ಒತ್ತಿದ ಸರ್ಕಾರಿ ಮುದ್ರೆಗಳು, ಒಂದರ ಮೇಲೊಂದು. ಮುದ್ರೆ ಹಾಕಿಸಲು ಅಪ್ಪ ಕಲ್ಲುಗಳನ್ನು ಸೈಕಲ್ಲಿಗೆ ಕಟ್ಟಿಕೊಂಡು ಹೋಗುತ್ತಿದ್ದದ್ದು ನೆನಪಿತ್ತು, ಅದು ಒತ್ತುವುದು ಸೀಸದ ಮೇಲೆ ಅಂತ ಗಮನಿಸಿರಲಿಲ್ಲ. "ಕಬ್ಬಿಣದ ಮೇಲೆ ಮುದ್ರೆ ಕೂರಲ್ಲ ಕಣೋ, ಅದಕ್ಕೇ ಸೀಸ. ಯಾರಾದ್ರೂ ಕೆರೆದು ತೂಕ ಕಮ್ಮಿ ಮಾಡಿದ್ರೆ ತಕ್ಷಣ ಗೊತ್ತಾಗುತ್ತೆ" ಅಂದರು. ನಮ್ಮ ಮನೆಯ ಕೆಇಬಿ ಮೀಟರಿಗೆ ತಂತಿ ಸುತ್ತಿ ಒತ್ತಿದ್ದ ಸೀಲೂ ಸೀಸವೇ.

ಅಲ್ಲಿಂದ ನನ್ನ ಪ್ರಶ್ನೆ ಬದಲಾಯಿತು. ಸೀಸದ ತುಂಡು ಸಿಕ್ಕಾಗ ಇದೇನು ಅಂತ ಕೇಳಿದರೆ ಉತ್ತರ ಹೊಳೆಯುವುದಿಲ್ಲ, ಇದು ಏನು ಕೆಲಸ ಮಾಡುತ್ತಿತ್ತು ಅಂತ ಕೇಳಬೇಕು. ಭಾರಕ್ಕೆ ಬೇಕಿತ್ತೋ, ಮುದ್ರೆ ಒತ್ತಲು ಬೇಕಿತ್ತೋ, ಬರೆಯಲು ಬೇಕಿತ್ತೋ, ಅಥವಾ ಅಗ್ಗ ಅಂತ ಮಾತ್ರ ಬೇಕಿತ್ತೋ.

ಸೀಸದ ಗುಣವೇ ಹಾಗೆ. 327 ಡಿಗ್ರಿಗೆ ಕರಗಿ ನೀರಾಗುತ್ತದೆ, ಅಡುಗೆ ಒಲೆಯ ಬೆಂಕಿ ಸಾಕು. ಕುಲುಮೆ ಬೇಡ, ಕಮ್ಮಾರ ಬೇಡ. ಉಗುರಿನಲ್ಲಿ ಗೀರಬಹುದು, ಚಾಕುವಿನಲ್ಲಿ ಕೊಯ್ಯಬಹುದು. ಕಬ್ಬಿಣಕ್ಕಿಂತ ಭಾರ: ಒಂದು ಘನ ಸೆಂಟಿಮೀಟರ್ ಸೀಸ 11.3 ಗ್ರಾಂ ತೂಗುತ್ತದೆ. ಇಂಗ್ಲೆಂಡಿನಲ್ಲಿ ಅದಕ್ಕೆ ಬರಗಾಲವೇ ಇರಲಿಲ್ಲ. ರೋಮನ್ನರು ಕ್ರಿ.ಶ. 43ರಲ್ಲಿ ಈ ದ್ವೀಪಕ್ಕೆ ದಂಡೆತ್ತಿ ಬಂದರು, ಆರೇ ವರ್ಷಕ್ಕೆ, 49ರ ಹೊತ್ತಿಗೆ, ಮೆಂಡಿಪ್ ಬೆಟ್ಟಗಳ ಸೀಸದ ಗಟ್ಟಿಗಳ ಮೇಲೆ ಚಕ್ರವರ್ತಿಯ ಹೆಸರು ಬಿದ್ದಿತ್ತು. ಬೆಳ್ಳಿಗಾಗಿ ಅದಿರು ಕರಗಿಸುತ್ತಿದ್ದರು, ಸೀಸ ಜೊತೆಗೆ ಬರುತ್ತಿತ್ತು. ಹೀಗಾಗಿ ರೈತ, ಬೆಸ್ತ, ಸೈನಿಕ, ಪಾದ್ರಿ ಎಲ್ಲರೂ ತಮಗೆ ಬೇಕಾದ್ದನ್ನು ಮನೆಯಲ್ಲೇ ಎರಕ ಹೊಯ್ದುಕೊಂಡರು. ಗುರುತಿಸುವುದು ಕಷ್ಟವಾಗಿರುವುದೂ ಇದಕ್ಕೇ. ನಾಣ್ಯಕ್ಕಾದರೆ ಪಟ್ಟಿ ಇದೆ, ರಾಜನ ಮುಖ ಇದೆ. ಮನೆಯಲ್ಲಿ ಹೊಯ್ದ ಸೀಸಕ್ಕೆ ಯಾವ ಪಟ್ಟಿ?

ಸುಲಭದ್ದರಿಂದ ಶುರು ಮಾಡೋಣ. ಉರುಟು ಗುಂಡು ಸಿಕ್ಕರೆ ಅದು ಹಳೆಯ ಬಂದೂಕಿನ ಗುಂಡು. ಎರಡು ಅಚ್ಚು ಸೇರಿದಲ್ಲಿ ಸಣ್ಣ ಗೆರೆ, ಎರಕದ ಬಾಲ ಕತ್ತರಿಸಿದಲ್ಲಿ ಚಪ್ಪಟೆ ಕಲೆ ಇರುತ್ತದೆ. ಕೊಡಗಿನವರು, ಮಲೆನಾಡಿನವರು ಇದ್ದರೆ ಕೈ ಎತ್ತಿ. ಮನೆಯಲ್ಲಿ ಹನ್ನೆರಡು ಬೋರಿನ ಕೋವಿ ಇತ್ತಲ್ಲವಾ? ಹನ್ನೆರಡು ಅಂದರೆ ಏನು? ಒಂದು ಪೌಂಡ್ ಸೀಸದಲ್ಲಿ ಆ ನಳಿಗೆಗೆ ಸರಿಹೊಂದುವ ಗುಂಡು ಹನ್ನೆರಡು ಆಗುತ್ತವೆ ಅಂತ, ಅಷ್ಟೇ. ಒಂದು ಪೌಂಡ್ ಅಂದರೆ 453.6 ಗ್ರಾಂ. ಅದನ್ನು ಸಿಕ್ಕ ಗುಂಡಿನ ತೂಕದಿಂದ ಭಾಗಿಸಿ. ಗುಂಡು 37–38 ಗ್ರಾಂ ತೂಗಿದರೆ ಹನ್ನೆರಡು ಬೋರು, 1640ರ ದಶಕದ ಇಂಗ್ಲೆಂಡಿನ ಅಂತರ್ಯುದ್ಧದ ದೊಡ್ಡ ಮಸ್ಕೆಟ್ ಬಂದೂಕಿನ ಅಳತೆ. 32 ಗ್ರಾಂ ತೂಗಿದರೆ ಪೌಂಡಿಗೆ ಹದಿನಾಲ್ಕು, ಬ್ರೌನ್ ಬೆಸ್ ಅನ್ನುವ ಬ್ರಿಟಿಷ್ ಕೋವಿಯದು. ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗಾಗಿ ಮಾಡಿಸಿದ ಗಿಡ್ಡ ಮಾದರಿಯನ್ನು 1797ರಲ್ಲಿ ಬ್ರಿಟಿಷ್ ಸೈನ್ಯವೂ ತೆಗೆದುಕೊಂಡಿತು. ಎರಡು ವರ್ಷದ ಮೇಲೆ ಶ್ರೀರಂಗಪಟ್ಟಣದ ಕೋಟೆಯ ಮೇಲೆ ಬಂದವರ ಹೆಗಲಲ್ಲಿದ್ದದ್ದು ಇದೇ ಜಾತಿಯ ಕೋವಿ. ಹಾಗಾಗಿ ಇಲ್ಲಿನ ಹೊಲದಲ್ಲಿ 32 ಗ್ರಾಮಿನ ಗುಂಡು ಸಿಕ್ಕಾಗಲೆಲ್ಲ ನನಗೆ ಕಾವೇರಿ ನೆನಪಾಗುತ್ತದೆ.

ಕೆಲವು ಗುಂಡುಗಳ ಮೇಲೆ ಹಲ್ಲಿನ ಗುರುತು ಇರುತ್ತದೆ. ಅರಿವಳಿಕೆ ಇಲ್ಲದ ಕಾಲದಲ್ಲಿ ಗಾಯಾಳು ಸೈನಿಕ ನೋವು ತಡೆಯಲು ಕಚ್ಚಿದ್ದು ಅಂತ ಮಾರುವವರು ಕಣ್ಣೀರು ಬರುವ ಹಾಗೆ ಹೇಳುತ್ತಾರೆ. ಬಹುಪಾಲು ಕಚ್ಚಿದ್ದು ಹಂದಿ. ಹೊಲ ಕೆದಕುವಾಗ ಕಾಯಿ ಅಂತ ಅಗಿದು ಉಗುಳಿದ್ದು.

ಗುಂಡಿನಲ್ಲಿ ಗುಂಡಿಗಿಂತ ಮುಖ್ಯ ಅದು ಬಿದ್ದಿದ್ದ ಜಾಗ. 1485ರ ಆಗಸ್ಟ್ 22ರಂದು ಬಾಸ್ವರ್ತ್‌ನಲ್ಲಿ ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ ಸತ್ತ ಯುದ್ಧ ಆಂಬಿಯನ್ ಗುಡ್ಡದಲ್ಲಿ ನಡೆಯಿತು ಅಂತಲೇ ಬಹುಕಾಲ ನಂಬಿದ್ದರು, ವಸ್ತು ಪ್ರದರ್ಶನ ಕೇಂದ್ರವನ್ನೂ ಅಲ್ಲೇ ಕಟ್ಟಿದರು. 2005ರಿಂದ ಡಿಟೆಕ್ಟರ್ ಹಿಡಿದು ಸಾಲು ಸಾಲಾಗಿ ಸುತ್ತಲಿನ ಹೊಲಗಳನ್ನು ಶೋಧಿಸಿದಾಗ ಸೀಸದ ಗುಂಡುಗಳು ಸಿಕ್ಕಿದ್ದು ಗುಡ್ಡದಿಂದ ಸುಮಾರು ಮೂರು ಕಿಲೋಮೀಟರ್ ನೈರುತ್ಯಕ್ಕೆ. ಮೂವತ್ತಕ್ಕೂ ಹೆಚ್ಚು, ಫಿರಂಗಿಯವೂ ಸೇರಿ. ಜೊತೆಗೆ ರಿಚರ್ಡನ ಲಾಂಛನವಾದ ಕಾಡುಹಂದಿಯ ಪುಟ್ಟ ಬೆಳ್ಳಿ ಬಿಲ್ಲೆಯೊಂದು. ಪ್ರತಿ ಗುಂಡು ಸಿಕ್ಕ ಜಾಗವನ್ನು ನಕ್ಷೆಯಲ್ಲಿ ಚುಕ್ಕಿ ಇಟ್ಟಿದ್ದರಿಂದ ಯುದ್ಧಭೂಮಿ ಸ್ಥಳ ಬದಲಿಸಿತು. ಯಾರಾದರೂ ನನ್ನಂಥವನು ಅವನ್ನು ಮೊದಲೇ ಹೆಕ್ಕಿ ಬಕೆಟ್ಟಿಗೆ ಹಾಕಿದ್ದರೆ?

ಈಗ ನನಗೆ ಇಷ್ಟವಾದ ಜಾತಿ: ಬಟ್ಟೆಯ ಮುದ್ರೆ. ಎರಡು ಬಿಲ್ಲೆಗಳು, ನಡುವೆ ಒಂದು ಪಟ್ಟಿ. ಒಂದು ಬಿಲ್ಲೆಯಲ್ಲಿ ಗೂಟ, ಇನ್ನೊಂದರಲ್ಲಿ ತೂತು. ಬಟ್ಟೆಯ ಅಂಚಿಗೆ ಮಡಿಸಿ, ಗೂಟವನ್ನು ತೂತಿಗೆ ಹಾಯಿಸಿ, ಅಚ್ಚು ಇಟ್ಟು ಬಡಿದರೆ ಮುಗಿಯಿತು. ಈ ದೇಶದಲ್ಲಿ ಉಣ್ಣೆ ಬಟ್ಟೆಯ ಉದ್ದ, ಅಗಲ, ಗುಣ ನೋಡಿ, ಸುಂಕ ವಸೂಲಿ ಮಾಡಿ, ಮುದ್ರೆ ಹಾಕುವ ಅಧಿಕಾರಿಗಳಿದ್ದರು. ನಾಲ್ಕು ಶತಮಾನ ನಡೆದ ಆ ಪದ್ಧತಿ 1724ರಲ್ಲಿ ನಿಂತಿತು. ಅಪ್ಪನ ತೂಕದ ಕಲ್ಲಿನ ಸೀಸ ಮಾಡುತ್ತಿದ್ದ ಕೆಲಸವೇ ಇದು. ಒಂದು ಮುದ್ರೆಯನ್ನು ಭೂತಗನ್ನಡಿ ಹಿಡಿದು ಓರೆ ಬೆಳಕಿನಲ್ಲಿ ನೋಡಿದೆ. ಒಳಮೈಯಲ್ಲಿ ಹಾಸು, ಹೊಕ್ಕು ಎರಡೂ ಸ್ಪಷ್ಟವಾಗಿ ಒತ್ತಿಕೊಂಡಿದ್ದವು. ಬಟ್ಟೆ ಮಣ್ಣಾಗಿ ಮುನ್ನೂರು ವರ್ಷವಾಗಿದೆ, ನೇಯ್ಗೆಯ ಎಳೆ ಎಣಿಸಬಹುದು! ಹೊರಮೈಯಲ್ಲಿ ಚೂಪಾದ ಮೊಳೆಯಿಂದ ಗೀಚಿದ ಸಂಖ್ಯೆ, ತಾನಿನ ಉದ್ದ.

ದೂರದ ಮುದ್ರೆಗಳೂ ಸಿಗುತ್ತವೆ. ಪೈನ್ ಮರದ ಕಾಯಿಯ ಚಿತ್ರ ಇದ್ದರೆ ಜರ್ಮನಿಯ ಆಗ್ಸ್‌ಬರ್ಗ್ ನಗರದ ಬಟ್ಟೆ. ರಷ್ಯನ್ ಅಕ್ಷರ, ಪಕ್ಕದಲ್ಲಿ ಇಸವಿ ಇದ್ದರೆ ಅಗಸೆ ನಾರಿನ ಮೂಟೆ, ಸ್ಕಾಟ್ಲೆಂಡಿನ ಪೂರ್ವ ಕರಾವಳಿಯಿಂದ ನಮ್ಮ ಲಿಂಕನ್‌ಶೈರ್‌ವರೆಗೆ ಇವು ಧಾರಾಳ. ಹೃದಯದ ಆಕಾರ, ಅದರ ನೆತ್ತಿಯ ಮೇಲೆ ನಾಲ್ಕು ಅಂಕಿಯಂಥ ಗುರುತು ಇದ್ದರೆ ಈಸ್ಟ್ ಇಂಡಿಯಾ ಕಂಪನಿ. ಇದೇ ಗುರುತು ಅವರ ಮದ್ರಾಸು, ಬೊಂಬಾಯಿ ಕಾಸುಗಳ ಮೇಲೂ ಇದೆ. ನನಗೆ ಅದು ಇನ್ನೂ ಸಿಕ್ಕಿಲ್ಲ. ಸಿಕ್ಕ ದಿನ ನಿಮಗೆಲ್ಲ ಹೋಳಿಗೆ ಊಟ.

ಬಟ್ಟೆಯ ಮುದ್ರೆಗೆ ಹೊಲದಲ್ಲೇನು ಕೆಲಸ ಅಂತ ಕೇಳಬಹುದು. ಪೇಟೆಯ ಕಸ, ಲಾಯದ ಗೊಬ್ಬರ, ಪಾಯಿಖಾನೆಯ ಹೊಲಸು ಎಲ್ಲವೂ ಗಾಡಿಯಲ್ಲಿ ಹೊಲಕ್ಕೆ ಬರುತ್ತಿತ್ತು. ನಮ್ಮ ತಿಪ್ಪೆಯ ಲೆಕ್ಕವೇ. ತಿಪ್ಪೆಗೆ ಬಿದ್ದದ್ದು ಹೊಲಕ್ಕೆ ಹೋಗಲೇಬೇಕು.

ಪೋಪರ ಮುದ್ರೆಯೂ ಹೊಲದಲ್ಲಿ ಸಿಗುತ್ತದೆ ಅಂದರೆ ನಂಬುತ್ತೀರಾ? ರೋಮಿನಿಂದ ಬರುತ್ತಿದ್ದ ಪತ್ರಕ್ಕೆ ದಾರದಲ್ಲಿ ಸೀಸದ ದಪ್ಪ ಬಿಲ್ಲೆ ತೂಗುಬಿಡುತ್ತಿದ್ದರು. ಒಂದು ಕಡೆ ಪೋಪರ ಹೆಸರು, ಇನ್ನೊಂದು ಕಡೆ ಸಂತ ಪೌಲ, ಸಂತ ಪೇತ್ರರ ಮುಖ. ಪೌಲನ ಗಡ್ಡ ಚೂಪು, ಪೇತ್ರನ ಗಡ್ಡ ಚುಕ್ಕಿ ಚುಕ್ಕಿ. ಅನುಗ್ರಹದ ಪತ್ರಕ್ಕೆ ರೇಷ್ಮೆ ದಾರ, ಆಜ್ಞೆಯ ಪತ್ರಕ್ಕೆ ಸೆಣಬಿನ ದಾರ. ನಮ್ಮ ಚಾಲುಕ್ಯರ ತಾಮ್ರಶಾಸನದ ಬಳೆಗೆ ವರಾಹ ಮುದ್ರೆ ಇರುತ್ತದಲ್ಲ, ಅದರ ಅಣ್ಣತಮ್ಮ ಅನ್ನಿ. ಪತ್ರ ಹೋಗಿದೆ, ಸೀಸ ಉಳಿದಿದೆ.

ಹೇಳಲೇಬೇಕಾದ ವಸ್ತು ಇನ್ನೊಂದಿದೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಚಿಪ್ಪಿನ ಹಾಗೆ ಗೆರೆ ಗೆರೆ ಮೈ, ಚಪ್ಪಟೆ ಚೀಲದ ಆಕಾರ, ಕುತ್ತಿಗೆಯ ಎರಡೂ ಬದಿ ಕಿವಿ. ಇದು ಯಾತ್ರಿಕರ ತೀರ್ಥದ ಕುಪ್ಪಿ. ಕ್ಯಾಂಟರ್ಬರಿಯಲ್ಲಿ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು 1170ರ ಡಿಸೆಂಬರ್‌ನಲ್ಲಿ ಅವನ ಕೆಥೆಡ್ರಲಿನೊಳಗೇ ಕೊಂದ ಮೇಲೆ ಅದು ಮಹಾಯಾತ್ರಾಸ್ಥಳವಾಯಿತು. ಹೋದವರು ಇಂಥ ಕುಪ್ಪಿಯಲ್ಲಿ ಪವಿತ್ರ ಜಲ ತುಂಬಿಸಿ, ಬಾಯಿ ಒತ್ತಿ ಮುಚ್ಚಿಸಿ, ಕೊರಳಿಗೆ ಹಾಕಿಕೊಂಡು ಬರುತ್ತಿದ್ದರು. ಬೇರೆ ಕ್ಷೇತ್ರಗಳಲ್ಲೂ ಇದೇ ನಡೆಯಿತು. ನಿಮ್ಮ ಅಜ್ಜಿಯ ದೇವರ ಮನೆಯಲ್ಲಿ ಕಾಶಿಯಿಂದ ತಂದ, ಬಾಯಿಗೆ ಬೆಸುಗೆ ಹಾಕಿದ ಗಂಗೆಯ ಗಿಂಡಿ ಇರಲಿಲ್ಲವೇ? ಅದೇ.

ಸೋಜಿಗ ಏನೆಂದರೆ ಈ ಕುಪ್ಪಿಗಳು ಇಗರ್ಜಿಯ ಹತ್ತಿರ ಸಿಗುವುದಕ್ಕಿಂತ ಉತ್ತ ಹೊಲಗಳ ನಡುವೆ ಹೆಚ್ಚು ಸಿಗುತ್ತವೆ. ಬಹಳಷ್ಟರ ಬಾಯಿ ಹರಿದಿದೆ, ಕೊಯ್ದಿದೆ. ಅಂದರೆ ಯಾರೋ ಬೇಕೆಂದೇ ತೆರೆದಿದ್ದಾರೆ. ಪೈರು ಚೆನ್ನಾಗಿ ಬರಲಿ ಅಂತ ತೀರ್ಥವನ್ನು ಹೊಲಕ್ಕೆ ಚಿಮುಕಿಸಿ ಕುಪ್ಪಿಯನ್ನು ಅಲ್ಲೇ ಬಿಡುತ್ತಿದ್ದರು ಅಂತ ಇಲ್ಲಿನ ವಿದ್ವಾಂಸರೊಬ್ಬರು ವಾದಿಸಿದ್ದಾರೆ. ಅವರು ಅದಕ್ಕೆ ಹತ್ತಾರು ಪುಟ ಪುರಾವೆ ಕೊಡಬೇಕಾಯಿತು. ಎಳ್ಳಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವ ವಿಜಯಪುರದ ರೈತನಿಗೆ ಹೇಳಿದ್ದರೆ, "ಮತ್ತೇನ್ ಮಾಡ್ತಾರ್ರೀ?" ಅನ್ನುತ್ತಿದ್ದ.

ಇನ್ನು ಒಂದು ಎಚ್ಚರಿಕೆ. ಮಡಿಸಿದ ಅಥವಾ ಸುರುಳಿ ಸುತ್ತಿದ ಸೀಸದ ತಗಡು ಸಿಕ್ಕರೆ ದಯವಿಟ್ಟು ಬಿಡಿಸಬೇಡಿ. ಬಹುಪಾಲು ಅದು ಹಳೆಯ ಮಾಡಿನ ತಗಡೋ ಮೀನುಬಲೆಯ ಭಾರವೋ ಆಗಿರುತ್ತದೆ. ಆದರೆ ಒಳಗೆ ಯಾರದೋ ಶಾಪ ಇರಲೂಬಹುದು. ಬಾತ್ ನಗರದ ಬಿಸಿನೀರಿನ ಬುಗ್ಗೆಯಲ್ಲಿ 1979–80ರ ಉತ್ಖನನದಲ್ಲಿ ಇಂಥವು ರಾಶಿಯಾಗಿ ಸಿಕ್ಕವು. ಒಟ್ಟು ಸುಮಾರು 130, ರೋಮನ್ ಕಾಲದವು. ಸುಲಿಸ್ ಮಿನರ್ವಾ ಅನ್ನುವ ದೇವಿಗೆ ಬರೆದ ದೂರುಗಳು. ಏನು ದೂರು ಅಂತೀರಿ? ಕಳ್ಳತನ! ಸ್ನಾನಕ್ಕೆ ಇಳಿದಾಗ ಬಟ್ಟೆ ಕದ್ದರು, ಕಾಸು ಕದ್ದರು. ಡೋಸಿಮೆಡಿಸ್ ಅನ್ನುವವನ ಎರಡು ಕೈಗವಸು ಹೋಗಿದ್ದವು. ಕದ್ದವನಿಗೆ ಬುದ್ಧಿಯೂ ಕಣ್ಣೂ ಹೋಗಲಿ ಅಂತ ಅವನು ಬರೆದ. ಕದ್ದವರು ಗಂಡಸೋ ಹೆಂಗಸೋ, ದಾಸನೋ ಸ್ವತಂತ್ರನೋ ಅಂತ ಎಲ್ಲ ದಾರಿಯನ್ನೂ ಮುಚ್ಚುವ ವಕೀಲರ ಧಾಟಿ ಕೆಲವರದು. ಇನ್ನು ಕೆಲವರು ಅಕ್ಷರಗಳನ್ನು ತಿರುವುಮುರುವಾಗಿ ಬರೆದಿದ್ದಾರೆ.

ಇದನ್ನು ಓದಿದಾಗ ನನಗೆ ಸಾಗರದ ಕಡೆಯ ಅಡಿಕೆ ತೋಟಗಳು ನೆನಪಾದವು. ಬೇಲಿಗೆ ಒಂದು ಹಲಗೆ, ಅದರ ಮೇಲೆ ಈ ತೋಟಕ್ಕೆ ಸಿಗಂದೂರು ಚೌಡೇಶ್ವರಿಯ ಕಾವಲಿದೆ ಅನ್ನುವ ಬರಹ. ಪೊಲೀಸ್ ಠಾಣೆ ದೂರ, ದೇವಿ ಹತ್ತಿರ. ಬಾತ್‌ನವರು ಕಳವಾದ ಮೇಲೆ ಬರೆದರು, ನಮ್ಮವರು ಕಳವಾಗುವ ಮೊದಲೇ ಬರೆದರು. ನಮ್ಮವರೇ ಜಾಣರು.

ಬಿಡಿಸಬೇಡಿ ಅಂದಿದ್ದು ಏಕೆಂದರೆ ಹಳೆಯ ಸೀಸ ಬಿರಿಯುತ್ತದೆ. ಮಡಿಕೆಯ ಗುಂಟ ಮುರಿದರೆ ಅಕ್ಷರವೂ ಹೋಯಿತು. ತೊಳೆಯುವುದೂ ಹಾಗೇ, ಬರಿ ನೀರು, ಮೃದು ಬ್ರಷ್ಷು, ಅಷ್ಟು ಸಾಕು. ಮೇಲಿನ ಬಿಳಿ ಪದರದ ಮೇಲೇ ಅಕ್ಷರ, ಚಿತ್ರ ಎಲ್ಲ ಇರುತ್ತದೆ. ಪದರ ಎದ್ದರೆ ಕೆಳಗೆ ಬರಿ ಸೀಸ. ಇದು ನಾನು ಕಲಿತದ್ದು ಹೀಗೆ: ಅಮ್ಮ ಊರಿನಿಂದ ಬಂದಿದ್ದರು. ನಾನು ಆಫೀಸಿಗೆ ಹೋಗಿದ್ದೆ. ಸಿಂಕಿನ ಪಕ್ಕ ಒಣಗಲು ಇಟ್ಟಿದ್ದ ಬಟ್ಟೆಯ ಮುದ್ರೆ ಅವರ ಕಣ್ಣಿಗೆ ಬಿತ್ತು. ಹಿತ್ತಾಳೆ ದೀಪ ಬೆಳಗುವ ಕೈ, ಸುಮ್ಮನಿರುತ್ತದೆಯೇ? ಹುಣಸೆಹಣ್ಣು ಹಾಕಿ ತಿಕ್ಕಿದರು. ಸಂಜೆ ಬಂದಾಗ ಮುದ್ರೆ ಉಕ್ಕಿನ ಚಮಚದ ಹಾಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಅದರ ಮೇಲೆ ಕಿರೀಟ, ಅರ್ಧ ಅಕ್ಷರ ಇದ್ದವು. "ಎಷ್ಟು ಕೊಳೆ ಇತ್ತೋ ಮಾರಾಯ" ಅಂದರು. ಬಯ್ಯಲು ಬಾಯಿ ಬರಲಿಲ್ಲ. ಅವರ ಕೈಗೆ ಸೋಪು ಹಾಕಿಸಿ ಎರಡು ಸಲ ತೊಳೆಸಿದೆ, ಅಷ್ಟೆ. ಹುಳಿ ಸೀಸಕ್ಕೆ ಶತ್ರು. ವಿನಿಗರ್ ಇನ್ನೂ ಕೆಟ್ಟದ್ದು. ಚೆಂದದ ಓಕ್ ಪೆಟ್ಟಿಗೆಯಲ್ಲಿ ಇಟ್ಟರೂ ಆ ಮರದಿಂದ ಬರುವ ಹುಳಿ ಆವಿ ಸೀಸವನ್ನು ತಿಂದು ಪುಡಿ ಮಾಡುತ್ತದೆ. ಈ ಅಗ್ಗದ ಪ್ಲಾಸ್ಟಿಕ್ ಚೀಲವೇ ಅದಕ್ಕೆ ಅರಮನೆ.

ಈಗ ಬಕೆಟ್ಟಿನ ವಿಷಯ. ಇಲ್ಲಿಂದ ವಾಯವ್ಯಕ್ಕೆ, ಟ್ರೆಂಟ್ ನದಿಯ ದಂಡೆಯಲ್ಲಿ ಟಾರ್ಕ್ಸಿ ಅನ್ನುವ ಊರಿದೆ. 872ರ ಚಳಿಗಾಲವನ್ನು ವೈಕಿಂಗರ ಮಹಾಸೈನ್ಯ ಅಲ್ಲಿ ಕಳೆಯಿತು. ಕೋಟೆ ಗೋಡೆ ಏನೂ ಉಳಿದಿಲ್ಲ, ಬರಿ ಹೊಲ. ಡಿಟೆಕ್ಟರಿನವರು ವರ್ಷಗಟ್ಟಲೆ ಹೆಕ್ಕಿ ಒಪ್ಪಿಸಿದ್ದರಲ್ಲಿ ಅರಬ್ ದಿರ್ಹಂ ನಾಣ್ಯದ ಚೂರುಗಳಿದ್ದವು, ತೂಕದ ಬಟ್ಟುಗಳಿದ್ದವು. ಜೊತೆಗೆ ಸೀಸದ ಪುಟ್ಟ ಟೊಪ್ಪಿಗಳಂಥವು, ಒಳಗೆ ಟೊಳ್ಳು, ನೂರಾರು. ಯಾರ್ಕ್, ಶೆಫೀಲ್ಡ್ ವಿಶ್ವವಿದ್ಯಾಲಯದವರು ಸೇರಿ ಅಧ್ಯಯನ ಮಾಡಿ ಹೇಳಿದ್ದು, ಇವು ಆಟದ ಕಾಯಿಗಳು ಅಂತ. ಕೆಲಸವಿಲ್ಲದ ಚಳಿಗಾಲ, ಸಾವಿರಾರು ಸೈನಿಕರು, ಕೈಗೆ ಸಿಕ್ಕ ಸೀಸ. ಮನೆಯಂಗಳದಲ್ಲಿ ಹುಲಿಕಟ್ಟು ಆಡಲು ನಾವು ಹುಣಸೆಬೀಜ ತಂದ ಹಾಗೆ ಅವರು ಕಾಯಿ ಎರೆದುಕೊಂಡರು. ಒಂಟಿಯಾಗಿ ಸಿಕ್ಕಿದ್ದರೆ ಯಾರೂ ಗುರುತಿಸುತ್ತಿರಲಿಲ್ಲ, ಒಂದೇ ಜಾಗದಲ್ಲಿ ರಾಶಿ ಸಿಕ್ಕಿದ್ದಕ್ಕೆ ಗೊತ್ತಾಯಿತು. ಆ ಚಿತ್ರಗಳನ್ನು ನೋಡಿದ ದಿನ ನಾನು ಗುಜರಿಗೆ ಹಾಕಿದ ಬಕೆಟ್ಟಿನ ತಳವನ್ನು ಮನಸ್ಸಿನಲ್ಲೇ ಕೆದಕಿದೆ. ಟೊಪ್ಪಿಯಂಥವು ಎರಡು ಇದ್ದವು. ಖಂಡಿತ ಇದ್ದವು.

ಈಗ ಏನು ಸಿಕ್ಕರೂ ಜಿಲ್ಲೆಯ ಶೋಧನಾಧಿಕಾರಿಗೆ ತೋರಿಸುತ್ತೇನೆ. 1997ರಲ್ಲಿ ಶುರುವಾದ, ಬ್ರಿಟಿಷ್ ಮ್ಯೂಸಿಯಂ ನೋಡಿಕೊಳ್ಳುವ ಒಂದು ಯೋಜನೆ ಇದೆ. ನನ್ನಂಥವರು ತಂದ ವಸ್ತುವಿನ ಫೋಟೊ, ತೂಕ, ಅಳತೆ, ಸಿಕ್ಕ ಜಾಗ ದಾಖಲಿಸಿ ವಾಪಸ್ಸು ಕೊಡುತ್ತಾರೆ. ಹದಿನೈದು ಲಕ್ಷಕ್ಕೂ ಹೆಚ್ಚು ವಸ್ತುಗಳ ಆ ಪಟ್ಟಿಯನ್ನು ಯಾರು ಬೇಕಾದರೂ ಮನೆಯಲ್ಲೇ ಕೂತು ನೋಡಬಹುದು. ಹೊಲದ ಒಡೆಯರ ಒಪ್ಪಿಗೆ ಇಲ್ಲದೆ ಕಾಲಿಡುವ ಹಾಗಿಲ್ಲ, ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿ ಇಲ್ಲದೆ ಯಂತ್ರ ಬಳಸುವುದೇ ಅಪರಾಧ.

ಇಷ್ಟು ನನ್ನ ಮಾತು. ಆಮೇಲೆ ಒಬ್ಬ ಹುಡುಗ ಎದ್ದು, ನಮ್ಮ ಊರಿನಲ್ಲಿ ಇದನ್ನು ಮಾಡಬಹುದಾ ಅಂಕಲ್ ಅಂತ ಕೇಳಿದ. ಬೇಡಪ್ಪ ಅಂದೆ. ಅಲ್ಲಿ ನಿಧಿ ಕಾಯಿದೆ ಇದೆ, ನೆಲದಲ್ಲಿ ಹುದುಗಿದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿಗಳ್ಳರು ನಂದಿಯ ಹೊಟ್ಟೆ ಒಡೆದಿದ್ದು ಸಾಕು. ನಿನಗೆ ಸೀಸವೇ ಬೇಕಿದ್ದರೆ ಮ್ಯೂಸಿಯಮ್ಮಿಗೆ ಹೋಗು, ಶಾತವಾಹನರು ಸೀಸದಲ್ಲೇ ನಾಣ್ಯ ಹೊಡೆಸಿದರು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಅಗೆಸಿದಾಗ, 1947ರಲ್ಲಿ ವೀಲರ್ ಅಗೆಸಿದಾಗ ಅಂಥವು ಬಂದವು. ಕಾರವಾರದ ಕಡೆ ಸಿಕ್ಕ ಚುಟು ಅರಸರ ದಪ್ಪ ಸೀಸದ ನಾಣ್ಯದಲ್ಲಿ ಒಂದು ಕಡೆ ಕಮಾನುಗಳ ಬೆಟ್ಟ, ಇನ್ನೊಂದು ಕಡೆ ಕಟಕಟೆಯೊಳಗೆ ಮರ. ಇಲ್ಲಿ ಸೀಸದ ಮೇಲೆ ಯಾರೂ ಅಷ್ಟು ಗೌರವ ಇಟ್ಟಿರಲಿಲ್ಲ ಅಂದೆ.

ಆಗ ನೆನಪಾಯಿತು, ಬಿಲ್ಲೆ ವಾಪಸ್ಸು ಬಂದಿಲ್ಲ. ಊಹೆ ಕೇಳಿದೆ. ವಾಷರ್ ಅಂದರು, ಕೆಇಬಿ ಸೀಲು ಅಂದರು, ಬಲೆಯ ಗುಂಡು ಅಂದರು. ಕೊನೆಯ ಸಾಲಿನಲ್ಲಿ ಮಗನ ಮನೆಗೆ ಹುಬ್ಬಳ್ಳಿಯಿಂದ ಬಂದಿದ್ದ ಅಜ್ಜಿಯೊಬ್ಬರು ಚೀಲ ತೆರೆದುಬಿಟ್ಟಿದ್ದರು. ಮೊಮ್ಮಗಳ ಪೆನ್ಸಿಲಿಗೆ ಕಾಗದ ಸುತ್ತಿ ಬಿಲ್ಲೆಯ ತೂತಿಗೆ ಬಿಗಿಯಾಗಿ ಸಿಗಿಸಿ, ತಟ್ಟೆಯ ಮೇಲೆ ನಿಲ್ಲಿಸಿ, ಹೆಬ್ಬೆರಳು ತೋರುಬೆರಳಲ್ಲಿ ಒಂದು ಚಿಟಿಕೆ ಹೊಡೆದರು. ಅದು ನಿಂತ ಹಾಗೇ ಗಿರ್ರನೆ ತಿರುಗಿತು.

"ತಮ್ಮಾ, ಇದು ತಕಲಿ ಬಿಲ್ಲಿ ಅಲ್ಲೇನು? ಸಾಲ್ಯಾಗ ನಾವು ದಿನಾ ನೂತೀವಿ" ಅಂದರು.

ಹೌದಮ್ಮ, ಕದಿರಿನ ಬಿಲ್ಲೆ, ಮಧ್ಯಯುಗದ್ದು ಅಂತ ಅಧಿಕಾರಿಯೂ ಬರೆದಿದ್ದಾರೆ ಅಂದೆ.

"ತೂಕ ಎಷ್ಟೈತಿ?"

ಮೂವತ್ತು ಗ್ರಾಂ.

ಕೈಯಲ್ಲಿ ಒಮ್ಮೆ ತೂಗಿ ನೋಡಿದರು. "ಭಾಳ ಭಾರ. ಸಣ್ಣ ನೂಲಿಗೆ ಇದು ನಡ್ಯಾಂಗಿಲ್ಲ, ಹರೀತೈತಿ. ಕಂಬಳಿ ನೂಲಿಗೆ ಇರಬೇಕು." ಬಿಲ್ಲೆಯನ್ನು ಚೀಲಕ್ಕೆ ಹಾಕಿ ಕೊಟ್ಟು, ಸೊಸೆಯನ್ನು ಕರೆದು, ಕೈ ತೊಳೆಯುವುದು ಎಲ್ಲಿ ಅಂತ ಕೇಳಿದರು.